ಪೂಜೆಗಿಟ್ಟ ಉಸಿರಿನ ಚೀಲ

ಸಿಸ್ಟರ್, ಆ ದಿನ ನಿಮ್ಮ ಕೈಗೆ ಕೆಟ್ಟ ಚೀಲ ಕೊಟ್ಟವನು ನಾನು. ಗೊತ್ತಿಲ್ಲದೆ ಕೊಟ್ಟದ್ದಲ್ಲ — ಗೊತ್ತಿದ್ದೇ ಕೊಟ್ಟೆ. ಕೊಡುವ ಮೊದಲು ಅದಕ್ಕೆ ನೀವು ಕಟ್ಟಿದ್ದ ಚೀಟಿಯನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡೆ. ಆಮೇಲೆ ನೀವು ಕೇಳಿದಾಗ ಸುಳ್ಳು ಹೇಳಿದೆ.

ಮೊದಲು ಇಷ್ಟು ಬರೆದುಬಿಟ್ಟೆ. ಹಿಂದೆ ಎರಡು ಸಲ ಕೂತಾಗ ಯೋಗಕ್ಷೇಮದಿಂದ ಶುರುಮಾಡಿ ಅಲ್ಲೇ ನಿಂತುಬಿಟ್ಟಿದ್ದೆ.

ಈಗ ನಾನು ಬೇರೊಂದು ದವಾಖಾನೆಯಲ್ಲಿ ಹಳೆಯ ಕಾಗದಪತ್ರ ಜೋಡಿಸಿಡುವ ಕೆಲಸದಲ್ಲಿದ್ದೇನೆ. ನಲವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಪಾಸಾದೆ. ಇಲ್ಲಿನ ಕಂಪ್ಯೂಟರಿನಲ್ಲಿ, ಊಟದ ಬಿಡುವಿನಲ್ಲಿ, ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಈ ಅಕ್ಷರ ನನಗೆ ಯಾರು ಕಲಿಸಿದರು ಎಂದು ನಿಮಗೆ ಗೊತ್ತು. ಔಷಧದ ಕಪಾಟಿನ ಮೇಲೆ ಕನ್ನಡದಲ್ಲಿ ಚೀಟಿ ಅಂಟಿಸಿ, ದಿನಕ್ಕೊಂದು ಓದಿಸುತ್ತಿದ್ದಿರಿ. ಹತ್ತಿ. ಸೂಜಿ. ಕತ್ತರಿ. ಸಂಬಳ ತೆಗೆದುಕೊಳ್ಳುವಾಗ ಹೆಬ್ಬೆಟ್ಟು ಒತ್ತುತ್ತಿದ್ದ ಈ ಜವಾನ ಮಲ್ಲಪ್ಪ ಸಹಿ ಮಾಡಿದ್ದು ನಿಮ್ಮಿಂದ.

ನಡೆದದ್ದನ್ನೆಲ್ಲ ಬಿಡಿಸಿ ಬರೆಯುತ್ತೇನೆ. ನಿಮಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ. ಯಾಕೆಂದರೆ ಇದನ್ನು ಶಿರಗುಪ್ಪಿಯ ಗಂಗವ್ವನಿಗೂ ಓದಿ ಹೇಳಬೇಕಾಗಿದೆ. ಆಕೆಗೆ ಚೀಲ ಎಂದರೆ ಕಾಳಿನ ಚೀಲವೇ.

ಇದು ರಬ್ಬರಿನ ಚೀಲ ಗಂಗವ್ವ, ದೊಡ್ಡ ತೆಂಗಿನಕಾಯಿಯಷ್ಟು. ಒಂದು ತುದಿಗೆ ಮೂಗು ಬಾಯಿ ಮುಚ್ಚುವ ಬಟ್ಟಲಿನಂಥ ಮಾಸ್ಕ್ ಇರುತ್ತದೆ. ಉಸಿರು ನಿಂತವನ ಮುಖದ ಮೇಲೆ ಅದನ್ನಿಟ್ಟು ಚೀಲ ಹಿಂಡಿದರೆ ಗಾಳಿ ಎದೆಗೆ ಹೋಗುತ್ತದೆ. ಕೈ ಬಿಟ್ಟರೆ ಚೀಲ ಹಿಂದಿನಿಂದ ಹೊಸ ಗಾಳಿ ಎಳೆದುಕೊಂಡು ತಾನೇ ಉಬ್ಬುತ್ತದೆ. ಹೋದ ಗಾಳಿ ಹಿಂದಕ್ಕೆ ಬರದಂತೆ ಕತ್ತಿನಲ್ಲಿ ಒಂದು ಸಣ್ಣ ರಬ್ಬರಿನ ಎಸಳು ಇರುತ್ತದೆ. ಬೆರಳ ಉಗುರಿನಷ್ಟೇ ಎಸಳು — ಎಲ್ಲ ಅದರ ಮೇಲೆಯೇ.

ನಮ್ಮಲ್ಲಿ ಅಂಥವು ಎರಡು ಇದ್ದವು. ಎರಡೂ ಕಪ್ಪು, ಎರಡೂ ಒಂದೇ ಅಳತೆ. ಒಂದರ ಎಸಳು ಕುದಿಸಿ ಕುದಿಸಿ ಸೊಟ್ಟಗಾಗಿ ಅಂಟಿಕೊಂಡಿತ್ತು, ಹಿಂದಿನ ತೂತೂ ಬಿಗಿದಿತ್ತು. ಬದಲಿ ಎಸಳು ಮುಂಬೈಯಿಂದ ತರಿಸೋಣ, ಎಸೆಯಬೇಡಿರಿ ಎಂದು ಡಾಕ್ಟರ್ ಸಾಹೇಬರು ಹೇಳಿದ್ದರು. ನೀವು ರಟ್ಟಿನ ತುಂಡೊಂದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಬ್ಯಾಂಡೇಜಿನ ಪಟ್ಟಿಯಿಂದ ಅದರ ಕುತ್ತಿಗೆಗೆ ಕಟ್ಟಿದಿರಿ. ನನ್ನನ್ನು ಕರೆದು ಓದು ಅಂದಿರಿ. ನಾನು ತಡವರಿಸುತ್ತ ಓದಿದೆ — ‘ಇದನ್ನು ಬಳಸಬಾರದು’. ಯಾರ ಸಹಾಯವೂ ಇಲ್ಲದೆ ನಾನು ಓದಿದ ಮೊದಲ ಪೂರ್ತಿ ವಾಕ್ಯ ಅದು. ನೀವು ಖುಷಿಯಾಗಿ ಅವತ್ತು ಎಲ್ಲರಿಗೂ ಚಹಾ ತರಿಸಿದಿರಿ.

ಆ ವರ್ಷದ ಮಹಾನವಮಿಗೆ ನನ್ನ ಹೆಂಡತಿಗೆ ಒಂಬತ್ತು ತಿಂಗಳು ತುಂಬಿತ್ತು.

ಖಂಡೇ ಪೂಜೆಗೆ ಆಯುಧವೆಂದು ಏನೇನು ಇಡಬೇಕೆಂದು ಸಾಹೇಬರು ಹೇಳಿದ್ದರು: ಎರಡು ಕತ್ತರಿ, ಒಂದು ಚಿಮಟಿಗೆ, ಹಳೆಯ ಸ್ಟೆಥಾಸ್ಕೋಪು. ತುರ್ತಿನ ಸಾಮಾನಿನ ಖಾನೆಯಿಂದ ಏನನ್ನೂ ಮುಟ್ಟಬೇಡ ಎಂದು ನೀವೂ ಹೇಳಿದ್ದಿರಿ. ಆದರೆ ನನ್ನ ಮನಸ್ಸು ಬೇರೆಯೇ ಲೆಕ್ಕ ಹಾಕಿತು. ಕತ್ತರಿಗೆ ಪೂಜೆ, ಉಸಿರು ಕೊಡುವ ಸಾಮಾನಿಗೆ ಇಲ್ಲವೇ? ಭಿನ್ನವಾದದ್ದನ್ನು ದೇವರ ಮುಂದೆ ಇಡಬಾರದು — ಹಾಗಾಗಿ ಕೆಟ್ಟದ್ದನ್ನು ಬಿಟ್ಟು ಒಳ್ಳೆಯ ಚೀಲವನ್ನೇ ತೆಗೆದೆ. ಸಾಹೇಬರ ಕೋಣೆಯ ಹಿಂದಿನ ಪೂಜೆಯ ಮೇಜಿನ ಮೇಲೆ, ಹೂವಿನ ರಾಶಿಯ ಹಿಂದೆ ಯಾರಿಗೂ ಕಾಣದಂತೆ ಇಟ್ಟೆ. ಮೂರು ಬೆರಳಿನಿಂದ ವಿಭೂತಿ ಎಳೆದೆ. ನನ್ನ ಮನೆಯಲ್ಲಿ ಹುಟ್ಟುವ ಜೀವಕ್ಕೆ ಗಟ್ಟಿ ಉಸಿರು ಕೊಡು ಎಂದು ಬೇಡಿಕೊಂಡೆ. ಹಬ್ಬದ ದಿನ, ಹೊರರೋಗಿಗಳಿಲ್ಲ, ಒಂದು ದಿನದಲ್ಲಿ ಏನಾದೀತು ಅಂದುಕೊಂಡೆ.

ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ಅಲುಗಿಸಬಾರದು ಎಂಬುದು ನಮ್ಮ ಮನೆಯಲ್ಲಿ ಬರಿಯ ರೂಢಿಯಾಗಿರಲಿಲ್ಲ. ನನ್ನ ಅಪ್ಪ ಕಟ್ಟಿಗೆ ಒಡೆಯುವವನು. ಒಂದು ವರ್ಷ ಯಾರೋ ಹೆಚ್ಚು ಕೂಲಿ ಕೊಡುತ್ತೇನೆಂದು ಕರೆದರೆಂದು ಪೂಜೆಗಿಟ್ಟ ಕೊಡಲಿಯನ್ನೇ ಎತ್ತಿಕೊಂಡು ಹೋದ. ಎಂಟು ದಿನದೊಳಗೆ ನನ್ನ ಅಣ್ಣ ಜ್ವರದಿಂದ ತೀರಿಕೊಂಡ. ಅವ್ವ ಸಾಯುವವರೆಗೂ ಆ ಕೊಡಲಿಯ ಕಡೆ ಬೆನ್ನು ಹಾಕಿಯೇ ಕೂರುತ್ತಿದ್ದಳು.

ಇದನ್ನು ನೆಪವೆಂದು ಹೇಳುತ್ತಿಲ್ಲ. ನನ್ನ ಕಾಲು ಯಾಕೆ ನಿಂತಿತು ಎಂದು ಹೇಳುತ್ತಿದ್ದೇನೆ.

ಮಧ್ಯಾಹ್ನ ಮೂರರ ಹೊತ್ತಿಗೆ ಫಕ್ಕೀರಪ್ಪನನ್ನು ಹೊತ್ತು ತಂದರು. ಹುಬ್ಬಳ್ಳಿಯ ಪೇಟೆಗೆ ಚೆಂಡು ಹೂವು ಮಾರಲು ಬಂದವನು ಬುಟ್ಟಿಯ ಪಕ್ಕದಲ್ಲೇ ಕುಸಿದಿದ್ದ. ಹಿಂದೆಯೇ ಅವನ ಹೆಂಡತಿ ಗಂಗವ್ವ. ಬುಟ್ಟಿಯನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಆಕೆ ಅದನ್ನು ಸೊಂಟದ ಮೇಲೇ ಹಿಡಿದುಕೊಂಡು ನಿಂತಿದ್ದಳು. ಸಾಹೇಬರು ಎದೆ ಒತ್ತಲು ಶುರುಮಾಡಿದರು. ನೀವು ತಿರುಗಿ ಹೇಳಿದಿರಿ —

“ಮಲ್ಲಪ್ಪಾ, ಚೀಲ ತಾ. ಲಗೂ.”

ನಾನು ಓಡಿದೆ. ಎಡಕ್ಕೆ ಪೂಜೆಯ ಮೇಜು, ಬಲಕ್ಕೆ ಖಾನೆ. ನಡುವೆ ನಾಲ್ಕು ಹೆಜ್ಜೆ. ದೀಪ ಉರಿಯುತ್ತಿತ್ತು. ಹೂವಿನ ಹಿಂದೆ ಒಳ್ಳೆಯ ಚೀಲ — ವಿಭೂತಿ ಎಳೆದ ಅದರ ಕಪ್ಪು ಮೈ ಕಣ್ಣು ಮುಚ್ಚಿ ಕೂತವರ ಹಣೆಯ ಹಾಗೆ ಕಂಡಿತು. ಎತ್ತಿದರೆ ನನ್ನ ಮನೆಯಲ್ಲಿ ಒಂದು ಜೀವ ಹೋಗುತ್ತದೆ ಎಂದು ನನಗೆ ಅನ್ನಿಸಿತು. ಅನ್ನಿಸಿತು ಎಂದರೆ — ಅನುಮಾನವೇ ಇರಲಿಲ್ಲ. ಬಲಕ್ಕೆ ತಿರುಗಿದೆ. ಕೆಟ್ಟ ಚೀಲವನ್ನು ಅಂಗೈಗೆ ಹಿಡಿದು ಒಮ್ಮೆ ಹಿಂಡಿದೆ. ಸ್ವಲ್ಪ ಗಾಳಿ ಬಂದಂತಾಯಿತು, ಅಥವಾ ಬಂದಂತೆ ಮಾಡಿಕೊಂಡೆ. ಚೀಟಿಯನ್ನು ಓದಿದೆ. ಸಿಸ್ಟರ್, ನಾನು ಅದನ್ನು ಓದಿದೆ, ಆ ಅವಸರದಲ್ಲೂ. ಓದಲು ಬಾರದ ಮನುಷ್ಯ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡೆ. ಆಮೇಲೆ ಪಟ್ಟಿ ಹರಿದು ಅದನ್ನು ಕಿಸೆಗೆ ಹಾಕಿಕೊಂಡೆ.

ಸಾಹೇಬರು ಐದು ಸಲ ಎದೆ ಒತ್ತುವುದು, ನೀವು ಒಂದು ಸಲ ಚೀಲ ಹಿಂಡುವುದು. ಐದು, ಒಂದು. ಐದು, ಒಂದು. ನಾನು ಕಾಲ ಬಳಿ ನಿಂತಿದ್ದೆ. ಎದೆ ಏಳಲಿಲ್ಲ. ನೀವು ಕೈ ಬಿಟ್ಟಾಗಲೆಲ್ಲ ಚೀಲ ಹಿಂದಿನಿಂದ ಗಾಳಿ ಎಳೆಯದೆ ಮುಂದಿನಿಂದ ಎಳೆದು ಉಬ್ಬುತ್ತಿತ್ತು. ಫಕ್ಕೀರಪ್ಪನ ಕೆನ್ನೆ ಒಳಕ್ಕೆ ಹೋಗುತ್ತಿತ್ತು, ಬೀಡಿ ಜಗ್ಗುವವನ ಹಾಗೆ. ಬರಬರುತ್ತ ಚೀಲವೇ ಉಸಿರಾಡುತ್ತಿರುವಂತೆಯೂ, ಅವನು ಅದಕ್ಕೆ ಉಸಿರು ಕೊಡುತ್ತಿರುವಂತೆಯೂ ಕಾಣತೊಡಗಿತು.

ಸಾಹೇಬರು ಬೆವರು ಸುರಿಸುತ್ತ ಅಂದರು, “ಮಾಸ್ಕ್ ಸರಿ ಹಿಡೀರಿ ಸಿಸ್ಟರ್, ಗಾಳಿ ಸೋರಾಕತ್ತೈತಿ.”

ನೀವು ಹಿಡಿತ ಬದಲಿಸಿದಿರಿ, ಗದ್ದ ಎತ್ತಿದಿರಿ, ಮತ್ತೆ ಹಿಂಡಿದಿರಿ. ಆಮೇಲೆ ಮೆಲ್ಲಗೆ, ನಿಮಗೇ ಹೇಳಿಕೊಂಡಂತೆ —

“ಸಾಹೇಬ್ರ, ಇದು ಗಾಳಿ ಕೊಡವಲ್ದರಿ. ತಗೊಳ್ಳಾಕತ್ತೈತಿ.”

ಚೀಲವನ್ನು ಬದಿಗೆಸೆದು, ಬಾಯಿಯ ಮೇಲೆ ಬಟ್ಟೆ ಹಾಕಿ, ನಿಮ್ಮ ಬಾಯಿಂದಲೇ ಊದಿದಿರಿ. ಆಗ ಎದೆ ಎದ್ದಿತು. ಆಗ ಮಾತ್ರ ಎದ್ದಿತು. ಆದರೆ ಹೊತ್ತು ಮೀರಿತ್ತು.

ಇಲ್ಲಿಯವರೆಗೆ ಬರೆದದ್ದನ್ನು ಭಯ ಎನ್ನಬಹುದು. ಇದರ ಮುಂದಿನದಕ್ಕೆ ಏನೆನ್ನಬೇಕೋ ನನಗೆ ಗೊತ್ತಿಲ್ಲ.

ಗಂಗವ್ವನ ಊರಿನವರು ಬಂದು ಗದ್ದಲ ಮಾಡಿದರು. ಚೀಲ ತೋರಿಸಿರಿ ಎಂದು ಸಾಹೇಬರು ನಿಮ್ಮನ್ನು ಕೇಳಿದರು. ಅಷ್ಟರಲ್ಲಿ ನಾನು ಆ ಕೆಟ್ಟ ಚೀಲವನ್ನು ಎತ್ತಿಕೊಂಡು ಒಳಗೆ ಹೋಗಿದ್ದೆ. ಅದರ ಮಾಸ್ಕಿನ ಒಳಗೆಲ್ಲ ಸಣ್ಣ ಹನಿ ಕಟ್ಟಿತ್ತು. ರಬ್ಬರು ಬೆಚ್ಚಗಿತ್ತು. ಅದನ್ನು ಖಾನೆಯಲ್ಲಿಟ್ಟು, ಹರಿದ ಪಟ್ಟಿಗೆ ಗಂಟು ಹಾಕಿ ಚೀಟಿ ಮತ್ತೆ ಕಟ್ಟಿದೆ. ಆಮೇಲೆ ಎಡಕ್ಕೆ ತಿರುಗಿದೆ. ಪೂಜೆಯ ಮೇಜಿನಿಂದ ಒಳ್ಳೆಯ ಚೀಲವನ್ನು ಎತ್ತಿದೆ, ಅಂಗಿಯ ಚುಂಗಿನಿಂದ ವಿಭೂತಿ ಒರೆಸಿದೆ, ತಂದು ನಿಮ್ಮ ಮುಂದಿನ ಮೇಜಿನ ಮೇಲೆ ಇಟ್ಟೆ.

ಒಬ್ಬ ಮನುಷ್ಯನ ಜೀವಕ್ಕಾಗಿ ಎತ್ತದ್ದನ್ನು ನನ್ನ ನೌಕರಿಗಾಗಿ ಎತ್ತಿದೆ. ಅಣ್ಣನ ನೆನಪೂ ಬರಲಿಲ್ಲ, ಹೆಂಡತಿಯ ನೆನಪೂ ಬರಲಿಲ್ಲ.

ಸಾಹೇಬರು ಅದನ್ನು ಅಂಗೈಗೆ ಹಿಡಿದು ಹಿಂಡಿದರು. ಗಾಳಿ ಫುಸ್ಸೆಂದು ಬಂತು. “ಚೀಲ ಛಲೋನ ಐತಲ್ಲರಿ ಸಿಸ್ಟರ್,” ಅಂದರು. ಬಯ್ಯಲಿಲ್ಲ. ಬೈದಿದ್ದರೆ ನೀವು ಜಗಳವಾಡುತ್ತಿದ್ದಿರೇನೋ. ನೀವು ಖಾನೆಗೆ ಹೋಗಿ ನೋಡಿದಿರಿ — ಚೀಟಿ ಕಟ್ಟಿದ್ದು ತನ್ನ ಜಾಗದಲ್ಲೇ ಇತ್ತು. ಮುಟ್ಟಲಿಲ್ಲ ನೀವು. ಮುಟ್ಟಿದ್ದರೆ ಬೆಚ್ಚಗಿರುವುದು ತಿಳಿಯುತ್ತಿತ್ತು. ನಾನು ಬಾಗಿಲಲ್ಲಿ ನಿಂತು, ಮುಟ್ಟಬಾರದು, ಮುಟ್ಟಬಾರದು ಎಂದು ದೇವರನ್ನೇ ಬೇಡುತ್ತಿದ್ದೆ.

ಮರುದಿನ ನೀವು ರಜೆ ಹಾಕಲಿಲ್ಲ. ಧಾರವಾಡದ ಮನೆಯಿಂದ ಬನ್ನಿ ತಂದು ಎಲ್ಲರಿಗೂ ಕೊಟ್ಟಿರಿ. ನನ್ನ ಕೈಯಲ್ಲೂ ಎರಡು ಎಲೆ ಇಟ್ಟು, “ಬಂಗಾರ ತಗೊಂಡು ಬಂಗಾರದಂಗ ಇರೂಣು, ಮಲ್ಲಪ್ಪ” ಅಂದಿರಿ. ನಿಮ್ಮ ಕಣ್ಣು ಊದಿದ್ದವು.

ಆಮೇಲೆ ಅದೇ ಮಾತು ಹಬ್ಬಿತು. ಚೀಲ ಅವನ ಉಸಿರು ತಗೊಂಡಿತು ಎಂದು ನೀವು ಮತ್ತೆ ಮತ್ತೆ ಅನ್ನುತ್ತಿದ್ದಿರಂತೆ. ಸಿಸ್ಟರಿಗೆ ಗಾಳಿ ಬಡಿದಿದೆ, ನಿಂಬೆಹಣ್ಣು ಇಳಿಸಬೇಕು ಎಂದು ಆಯಾಗಳು ನಗುತ್ತಿದ್ದರು. ನಾನೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ನೀವು ಕಂಡದ್ದು ಖರೇ ಎಂದು ಲೋಕದಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಎರಡು ವಾರಕ್ಕೆ ನೀವು ಕೆಲಸ ಬಿಟ್ಟಿರಿ. ಯಾರೂ ಬಿಡಿಸಲಿಲ್ಲ. ರೋಗಿಯ ಮುಖದ ಮೇಲೆ ಮಾಸ್ಕ್ ಇಡಲು ನಿಮ್ಮ ಕೈಯೇ ಒಪ್ಪಲಿಲ್ಲ. ಹೋಗುವಾಗ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದಿರಿ.

“ಮಲ್ಲಪ್ಪ, ಖರೇ ಹೇಳು. ಅವತ್ತ ನೀ ಕೊಟ್ಟ ಚೀಲ ಛಲೋ ಇತ್ತಲ್ಲ?”

“ಛಲೋ ಇತ್ತರಿ ಸಿಸ್ಟರ್.”

“ಹಂಗಾರ ನನ್ನ ಕೈನ ಸರಿ ಇಲ್ಲ, ಬಿಡು.”

ಅಷ್ಟೇ. ಧಾರವಾಡದ ಬಸ್ಸು ಬಂತು, ನೀವು ಹತ್ತಿದಿರಿ. ಆ ಹೊತ್ತಿಗೆ ನನ್ನ ಮಗಳು ಹುಟ್ಟಿ ನಾಲ್ಕು ದಿನವಾಗಿತ್ತು. ಗಟ್ಟಿಮುಟ್ಟಾಗಿ ಅಳುತ್ತಿದ್ದಳು.

ಕೆಟ್ಟ ಚೀಲವನ್ನು ಎಸೆದು ಬಾ ಎಂದು ಸಾಹೇಬರು ಮುಂದೊಂದು ದಿನ ಹೇಳಿದರು. ಮುಂಬೈಯಿಂದ ಬದಲಿ ಎಸಳು ಬರಲೇ ಇಲ್ಲ. ಎಸೆಯಲು ಹೋದವನು ಉಣಕಲ್ ಕೆರೆಯ ದಂಡೆಯಲ್ಲಿ ಬಹಳ ಹೊತ್ತು ನಿಂತೆ. ಆ ಹನಿಗಳು ನೆನಪಾದವು. ಅವನ ಕೊನೆಯ ಉಸಿರು ಇದರೊಳಗೇ ಇದೆ ಅನ್ನಿಸಿತು. ನೀರಿಗೆ ಹಾಕಿದರೆ ಎರಡನೆಯ ಸಲ ಕೊಂದಂತೆ. ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ಅಟ್ಟದ ಮೇಲೆ, ತಗಡಿನ ಕೆಳಗೆ ಇಟ್ಟೆ. ಚೀಟಿ ಮಾತ್ರ ನನ್ನ ಟ್ರಂಕಿನಲ್ಲಿದೆ.

ಬೇಸಿಗೆಯ ಮಧ್ಯಾಹ್ನ ತಗಡು ಕಾಯ್ದು ಸಪ್ಪಳ ಮಾಡುತ್ತದೆ. ಟಕ್, ಟಕ್, ಟಕ್, ಟಕ್, ಟಕ್. ಆಮೇಲೆ ಒಂದು — ಹುಸ್ಸ್. ನಾನು ಎಣಿಸುವುದಿಲ್ಲ ಎಂದು ಎಷ್ಟೋ ಸಲ ನಿರ್ಧಾರ ಮಾಡಿದ್ದೇನೆ, ಆದರೂ ಎಣಿಸುತ್ತೇನೆ. ಐದು, ಒಂದು. ಮಗಳು ಆರೇಳು ವರ್ಷದವಳಿದ್ದಾಗ ಒಂದು ದಿನ ಲೆಕ್ಕ ಬಿಡಿಸುತ್ತಿದ್ದವಳು ತಲೆ ಎತ್ತಿ, “ಅಪ್ಪಾ, ಮ್ಯಾಲ ಯಾರ್ ಉಸ್ರಾಡಾಕತ್ತಾರ?” ಅಂದಳು. ಇಲಿ ಇರಬೇಕು ಅಂದೆ. ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಇಲಿ ಅಲ್ಲ ಅಂದಳು. ಆಮೇಲೆ ಕೇಳಲಿಲ್ಲ. ಆದರೆ ಇವತ್ತಿಗೂ ಆ ಅಟ್ಟದ ಕೆಳಗೆ ಅವಳು ಚಾಪೆ ಹಾಸುವುದಿಲ್ಲ.

ಹೋದ ತಿಂಗಳು ಮಗಳನ್ನು ಕಾಲೇಜಿಗೆ ಸೇರಿಸಲು ಧಾರವಾಡಕ್ಕೆ ಬಂದಿದ್ದೆ. ಮಾಳಮಡ್ಡಿಯಲ್ಲಿ ದಾರಿ ತಪ್ಪಿ ಒಂದು ಓಣಿಗೆ ಹೊಕ್ಕೆವು. ಕಟ್ಟೆಯ ಮೇಲೆ ನೀವು ಕೂತಿದ್ದಿರಿ. ತಲೆ ಬೆಳ್ಳಗಾಗಿದೆ. ಪಕ್ಕದಲ್ಲಿ ಯಾರೋ ಮಾತಾಡುತ್ತಿದ್ದರು, ನೀವು ಹೂಂಗುಡುತ್ತಿದ್ದಿರಿ. ಆದರೆ ನಿಮ್ಮ ಬಲಗೈ ಮಡಿಲಲ್ಲಿ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಸ್ವಲ್ಪ ಸುಮ್ಮನಿದ್ದು, ಬೆರಳು ಮಡಚಿ ಏನೂ ಇಲ್ಲದ್ದನ್ನು ಹಿಂಡುವುದು, ಬಿಡುವುದು. ಮತ್ತೆ ಸುಮ್ಮನಿರುವುದು. ಅಷ್ಟರೊಳಗೆ ನನ್ನ ಬಾಯಿ ಐದು ಎಣಿಸಿತ್ತು. ಮಗಳು ನನ್ನ ತೋಳು ಹಿಡಿದು, “ಅಪ್ಪಾ, ಆ ಅಜ್ಜಿ ಕೈ ನೋಡು,” ಅಂದಳು. ನಾನು ಅವಳನ್ನು ಎಳೆದುಕೊಂಡು ಬೇರೆ ಓಣಿಗೆ ತಿರುಗಿದೆ. ಮತ್ತೊಮ್ಮೆ ತಪ್ಪಿಸಿಕೊಂಡೆ.

ಒಳ್ಳೆಯ ಚೀಲ ಕೊಟ್ಟಿದ್ದರೂ ಫಕ್ಕೀರಪ್ಪ ಬದುಕುತ್ತಿದ್ದನೋ ಇಲ್ಲವೋ. ನಮ್ಮಲ್ಲಿಯ ಡಾಕ್ಟರೊಬ್ಬರನ್ನು ಬೇರೆ ಯಾರದೋ ಕಥೆಯೆಂಬಂತೆ ಕೇಳಿದೆ. ಹೇಳಲು ಬರುವುದಿಲ್ಲ ಅಂದರು. ಆ ಮಾತನ್ನು ಹಾಸಿಕೊಂಡು ಮಲಗಲು ನೋಡಿದೆ, ಆಗಲಿಲ್ಲ. ಬದುಕುತ್ತಿದ್ದನೋ ಏನೋ ಎಂಬುದನ್ನು ಗಂಗವ್ವನಿಂದ ಕಸಿದುಕೊಂಡವನು ನಾನು. ನಿಮ್ಮಿಂದ ಕಸಿದುಕೊಂಡದ್ದರಲ್ಲಂತೂ ಏನೋ ಎಂಬುದೇ ಇಲ್ಲ.

ಬರುವ ರವಿವಾರ ಶಿರಗುಪ್ಪಿಗೆ ಹೋಗಿ ಗಂಗವ್ವನ ಮುಂದೆ ಇದನ್ನು ಓದುತ್ತೇನೆ. ಆಕೆ ಏನು ಮಾಡಿದರೂ ಸರಿ. ಅಲ್ಲಿಂದ ನಿಮ್ಮ ಮನೆಗೆ ಬರುತ್ತೇನೆ, ಮಗಳನ್ನೂ ಕರೆದುಕೊಂಡು — ಅವಳಿಗೆ ನಿನ್ನೆ ಎಲ್ಲ ಹೇಳಿದ್ದೇನೆ, ಅವಳು ಇನ್ನೂ ನನ್ನೊಂದಿಗೆ ಮಾತಾಡಿಲ್ಲ. ಅಟ್ಟದಿಂದ ಚೀಲ ಇಳಿಸಿ ತರುತ್ತೇನೆ. ಚೀಟಿಯನ್ನೂ ಅದರ ಕುತ್ತಿಗೆಗೆ ಕಟ್ಟಿ ತರುತ್ತೇನೆ. ನೀವು ಒಮ್ಮೆ ಹಿಂಡಿ ನೋಡಬೇಕು, ನಿಮ್ಮ ಅಂಗೈ ಅಡ್ಡ ಹಿಡಿದು. ಅದು ಎಳೆದುಕೊಳ್ಳುವುದು ನಿಮಗೆ ತಿಳಿಯಬೇಕು. ಆಮೇಲೆ ಬೇಕಾದರೆ ನನ್ನ ಮುಖಕ್ಕೆ ಬಾಗಿಲು ಹಾಕಿಕೊಳ್ಳಿರಿ.

ಅವತ್ತು ಗೇಟಿನ ಹತ್ತಿರ, ಬಸ್ಸು ಬರುವ ಮೊದಲು ಹೇಳಬೇಕಾಗಿದ್ದ ಮಾತು ಇಷ್ಟೇ ಇತ್ತು:

ಚೀಲ ಕೆಟ್ಟಿತ್ತರಿ ಸಿಸ್ಟರ್. ನಿಮ್ಮ ಕೈ ಸರಿ ಇತ್ತು.