ಮೆಣಸಿನೆಲೆಗೆ ಅಂಟುವಾಳ

ಅಥವಾ ಅದು ನಾನೇ ಇರಬಹುದು. ನಾನು ಚಿಕ್ಕವನಿದ್ದಾಗ ಮೆಣಸಿನ ಬಳ್ಳಿಯ ಮದ್ದಿಗೆ ಬಟ್ಟೆ ಸೋಪು ಕೆರೆದು ಹಾಕಿದ್ದು ಅಕ್ಕ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅಕ್ಕನನ್ನು ಕೇಳಿದರೆ ಅವಳು ನನ್ನ ಕಡೆ ಬೆರಳು ತೋರಿಸುತ್ತಾಳೆ. ಉಳಿದದ್ದರಲ್ಲಿ ನಮ್ಮಿಬ್ಬರದೂ ಹೆಚ್ಚುಕಡಿಮೆ ಒಂದೇ ಮಾತು.

ಮುಳ್ಳನ್ಕೊಲ್ಲಿಯ ನಮ್ಮ ತೋಟದಲ್ಲಿ ಅದರ ಹಿಂದಿನ ಮಳೆಗಾಲ ಅರ್ಧ ಬಳ್ಳಿಗಳು ಸೊರಗು ರೋಗ ಬಂದು ಎಲೆ ಕಪ್ಪಾಗಿ ಉದುರಿದ್ದವು. ಆ ಸಲ ಮಳೆ ಹಿಡಿಯುವ ಮೊದಲೇ ಮದ್ದು ಹೊಡೆಯದಿದ್ದರೆ ಉಳಿದರ್ಧವೂ ಹೋಗುತ್ತಿತ್ತು. ಮೋಡ ಆಗಲೇ ಕಟ್ಟಿತ್ತು. ಅಪ್ಪ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದಾಗ ಪೀಪಾಯಿಯಲ್ಲಿ ತಿಳಿನೀಲಿ ಎದ್ದಿತು, ಹಸಿ ಸುಣ್ಣದ ವಾಸನೆ ಮೂಗಿಗೆ ಅಡರಿತು. ಆದರೆ ಪಂಪಿನಿಂದ ಹೊಡೆದರೆ ಮದ್ದು ಎಲೆಯ ಮೇಲೆ ಹರಡಲೇ ಇಲ್ಲ. ಮಣಿಮಣಿಯಾಗಿ ಉರುಳಿ ಕೆಳಗೆ ಬಿತ್ತು.

"ಮರುನ್ನು ಬಳ್ಳಿಗಲ್ಲ, ನನ್ನ ಕಾಲಿಗೆ ಹೊಡೀತಾ ಇವ್ನಿ," ಎಂದ ಅಪ್ಪ. ಅವನ ಬಾಯಲ್ಲಿ ಮದ್ದಿಗೆ ಮಲಯಾಳದ ಹೆಸರೇ.

ಮದ್ದು ಎಲೆಗೆ ಹಿಡಿಯಲಿ ಎಂದು ಸೋಪು ಬಿದ್ದದ್ದು ಆಗ. ನೊರೆ ಏಳುವ ಬದಲು ಒಡೆದ ಹಾಲಿನಂಥ ಗಸಿ ತೇಲಿತು, ಪಂಪಿನ ಮೂತಿ ಕಟ್ಟಿಕೊಂಡಿತು. ಪೀಪಾಯಿ ಮದ್ದು ಹಾಳು. ಮನೆಯಲ್ಲಿದ್ದ ಮೈಲುತುತ್ತದಲ್ಲಿ ಇನ್ನೊಂದೇ ಪೀಪಾಯಿ ಮಾಡಬಹುದಿತ್ತು.

ಅಪ್ಪ ಬೈಯಲಿಲ್ಲ ಎಂದು ನೆನಪು. ಬೈದಿರಲೂಬಹುದು. ಅಕ್ಕ ಒಳಗೆ ಹೋಗಿ, ತಲೆ ಮೀಯಲು ನೆನೆಹಾಕಿದ್ದ ಅಂಟುವಾಳದ ಕಾಯಿಗಳನ್ನು ಹಿಸುಕಿ, ಸೋಸಿ ತಂದಳು.

"ಬಳ್ಳಿಗೆ ಹೇನು ಬಂದದಾ ಮಗಾ, ತಲೆಗೆ ಎರಿಯಾಕೆ?" ಅಪ್ಪ ಕೇಳಿದ.

"ಹೇನಲ್ಲ ಅಪ್ಪ, ಎಣ್ಣೆ. ಎಲೆ ಮಿಂಚೋದು ನೋಡು, ಎಣ್ಣೆ ಹಚ್ಚಿದ ತಲೆ ಥರನೇ ಅದೆ."

"ಹಂಗಾರೆ ಮೊದ್ಲು ಚಿಪ್ಪಲ್ಲಿ ಕಲಸು. ಇದೂ ಕೆಟ್ರೆ ಮುಗೀತು."

ಅಪ್ಪ ಹೊಸದಾಗಿ ಮಾಡಿದ ಮದ್ದನ್ನು ಸ್ವಲ್ಪ ತೆಗೆದು ತೆಂಗಿನ ಚಿಪ್ಪಿನಲ್ಲಿ ಕಲಸಿದಳು. ಗಸಿ ಕಟ್ಟಲಿಲ್ಲ. ಎಲೆಯ ಮೇಲೆ ಬಿಟ್ಟ ಹನಿ ಚಪ್ಪಟೆಯಾಗಿ ತುದಿಯವರೆಗೆ ಹರಿಯಿತು. ಮಳೆಗೆ ಮೊದಲು ಕೊನೆಯ ಬಳ್ಳಿಯೂ ನೀಲಿಯಾಯಿತು.

ಕಾರಣ ತಿಳಿದದ್ದು ಬಹಳ ಆಮೇಲೆ. ನೀರಿನ ಅಣುಗಳು ಒಂದನ್ನೊಂದು ಎಳೆದುಕೊಂಡು ಮಣಿಯಾಗುತ್ತವೆ. ಅದು ಮೇಲ್ಮೈ ಎಳೆತ. ಎಲೆಯ ಮೇಣಕ್ಕೆ ನೀರು ಒಗ್ಗುವುದಿಲ್ಲ. ಸೋಪಿನ ಅಣುವಿಗೂ ಅಂಟುವಾಳದ ಅಣುವಿಗೂ ಒಂದು ತುದಿ ನೀರನ್ನು ಬಯಸಿದರೆ ಇನ್ನೊಂದು ಎಣ್ಣೆ, ಮೇಣಗಳನ್ನು ಬಯಸುತ್ತದೆ. ಅವು ನಡುವೆ ನಿಂತು ಎಳೆತ ಸಡಿಲಿಸಿದಾಗ ಹನಿ ಹರಡುತ್ತದೆ. ಮೊಮ್ಮಕ್ಕಳೇ, ನಿಮ್ಮ ಶಾಲೆಯ ಪುಸ್ತಕ ಇವನ್ನು ಸರ್ಫ್ಯಾಕ್ಟೆಂಟ್ ಎನ್ನುತ್ತದೆ. ಆದರೆ ಸೋಪಿನ ನೀರು ಬಯಸುವ ತುದಿಗೆ ಋಣ ಆವೇಶವಿದೆ, ಸುಣ್ಣದ ಕ್ಯಾಲ್ಸಿಯಂ ಅಯಾನಿಗೆ ಧನ ಆವೇಶ. ಎರಡೂ ಅಂಟಿಕೊಂಡು ಕರಗದ ಗಸಿಯಾದವು. ಅಂಟುವಾಳದ ಅಣುವಿನಲ್ಲಿ ಹಾಗೆ ಹಿಡಿಯಲು ಸುಣ್ಣಕ್ಕೆ ಏನೂ ಸಿಗಲಿಲ್ಲ.

ಈಗ ನಿಮ್ಮಪ್ಪ ಅಂಗಡಿಯಿಂದ ಸರ್ಫ್ಯಾಕ್ಟೆಂಟಿನ ಬಾಟಲಿ ತಂದು ಮದ್ದಿಗೆ ಒಂದು ಮುಚ್ಚಳ ಬೆರೆಸುತ್ತಾನೆ. ಶಾಲೆಯಲ್ಲಿ ನೀವು ಅಣುವಿನ ತಲೆ, ಬಾಲ ಬಿಡಿಸುತ್ತೀರಿ. ಮೊನ್ನೆ ಎರಡು ಮೆಣಸಿನೆಲೆ ಕಿತ್ತು ತಂದು, ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಅಂಟುವಾಳದ ನೀರು ಬಿಟ್ಟು ಜಗಲಿಯಲ್ಲಿ ಬಗ್ಗಿ ಕೂತಿದ್ದಿರಿ. ನಮಗೆ ಅದು ಹೊಳೆದಿರಲಿಲ್ಲ.

ಆ ವರ್ಷ ಬಳ್ಳಿಗಳು ಉಳಿದವು. ಆ ವರ್ಷ ಮಳೆಯೂ ಕಡಿಮೆಯಿತ್ತು. ಒಂದು ಬಳ್ಳಿಯನ್ನಾದರೂ ಅಂಟುವಾಳ ಹಾಕದೆ ಬಿಟ್ಟಿದ್ದರೆ ಹೇಳಬಹುದಿತ್ತು. ಬಿಡಲಿಲ್ಲ. ಉಳಿಸಿದ್ದು ಯಾವುದೆಂದು ನನಗೆ ಗೊತ್ತಿಲ್ಲ.