ತಂಗಿಗೆ ಕಳಿಸಿದ ಮೊರ

ಗೌರಿಹಬ್ಬಕ್ಕೆ ಮೊರ ಕೊಳ್ಳಲು ಹುಣಸೂರಿಗೆ ಹೊರಟರೆ ನಮ್ಮವ್ವ ಹೆಣ್ಣು ನೋಡಲು ಬಂದ ಬೀಗಿತ್ತಿಯ ಹಾಗೆ ಆಡುತ್ತಿದ್ದಳು. ಮೇದರ ಅಜ್ಜಿ ಹೆಣೆದಿಟ್ಟ ಒಂದೊಂದು ಮೊರವನ್ನೂ ಬಿಸಿಲಿಗೆ ಹಿಡಿದು, ಸೆರಗಿನ ಗಂಟಿನಿಂದ ಹಿಡಿ ರಾಗಿ ಸುರಿದು ಕುಲುಕುವಳು. ಒಂದು ಕಾಳು ಕೆಳಗೆ ಬಿತ್ತೋ, ಆ ಮೊರ ಬೇಡ.

"ಅಳಿಯನ್ನಾದ್ರೂ ಇಂಗೆ ಕುಲುಕಿ ತಂದ್ಯೇನವ್ವ?" ಎಂದು ಅಜ್ಜಿ ರೇಗಿಸುತ್ತಿತ್ತು. ಮೊದಮೊದಲು ಅವ್ವ ನಗುತ್ತಿದ್ದಳು. ತಂಗಿ ಮಾನಂದವಾಡಿಯ ಲಾರಿ ಡ್ರೈವರನ್ನು ತಾನೇ ಮೆಚ್ಚಿ ಮದುವೆಯಾದ ಮೇಲೆ ನಗುವುದನ್ನು ಬಿಟ್ಟಳು.

"ಆ ಮನೆಗೆ ಬಾಗಿನ ಓಗಕೂಡದು" ಎಂದು ಅಪ್ಪ ಹೇಳಿದ ಮೇಲೆ ಮುಗಿಯಿತು. ಅವ್ವ ಆಮೇಲೆ ಹನ್ನೊಂದು ಗೌರಿಹಬ್ಬ ಕಂಡಳು. ಒಂದು ಮೊರದಲ್ಲಿ ಬಳೆ, ಅರಿಸಿನ, ಕುಂಕುಮ, ರವಿಕೆ ಕಣ ತುಂಬಿ ಇನ್ನೊಂದು ಮೊರ ಮುಚ್ಚಿದ ಬಾಗಿನ ಹನ್ನೊಂದು ಸಲವೂ ನನಗೊಬ್ಬಳಿಗೇ ಬಂತು. ನಾನೂ ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ.

ಅಪ್ಪ, ಅವ್ವ ಒಂದೇ ವರ್ಷದಲ್ಲಿ ಹೋದರು. ಈ ಸಲ ತಂಗಿಗೆ ನಾನೇ ಕಳಿಸೋಣ ಎನ್ನಿಸಿತು. ಅವ್ವನ ಹಾಗೆಯೇ ರಾಗಿ ಕುಲುಕಿ ಒಂದು ಜೊತೆ ಆರಿಸಿ, ತುಂಬಿ, ಪಿರಿಯಾಪಟ್ಟಣದ ಕೊರಿಯರ್ ಅಂಗಡಿಗೆ ಒಯ್ದೆ.

"ಮೊರ ಅಲ್ಲೇ ಸಿಗಲ್ವಾ ಅಕ್ಕ?" ಎಂದ ಅಲ್ಲಿದ್ದವನು.

"ಮೊರ ಸಿಗುತ್ತೆ ಕಣಪ್ಪ, ತವರು ಸಿಗಲ್ಲ. ನೀನು ಅಂಟಿಸು" ಎಂದೆ.

ನಾಲ್ಕನೇ ದಿನ ತಂಗಿಯ ಫೋನ್ ಬಂತು. "ರಾಗಿ ಉಯ್ದು ಕುಲುಕ್ದೆ. ಒಂದ್ ಕಾಳೂ ಬೀಳ್ಲಿಲ್ಲ ಕಣಕ್ಕ" ಎಂದಳು. ಆಮೇಲೆ, "ಅವ್ವ ಯಾವತ್ತಾದ್ರೂ ನಂಗೂ ಅಂತ ಒಂದ್ ಜೊತೆ ತಗೊಂಡಿದ್ಲಾ?" ಎಂದು ಕೇಳಿದಳು.

ಇಲ್ಲ ಎನ್ನಲು ಹೊರಟವಳಿಗೆ ಅಟ್ಟ ನೆನಪಾಯಿತು. ಅವ್ವನ ತಿಥಿಯಾದ ಮೇಲೆ ಮನೆ ಗುಡಿಸುವಾಗ ಅಲ್ಲಿ ಮೊರಗಳ ರಾಶಿಯೇ ಸಿಕ್ಕಿತ್ತು. ಎರಡೆರಡನ್ನು ಸೇರಿಸಿ ಅರಿಸಿನದ ದಾರದಲ್ಲಿ ಕಟ್ಟಿತ್ತು, ಹುಳ ಹಿಡಿದಿತ್ತು. ಅವ್ವನಿಗೆ ಮೊರದ ಹುಚ್ಚು ಎಂದುಕೊಂಡು, ಎಣಿಸಿ ನಕ್ಕು, ಎಲ್ಲವನ್ನೂ ಬಚ್ಚಲೊಲೆಗೆ ಹಾಕಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಬೈದರೆ ಬೈಯಲಿ ಎಂದು ಕಾದೆ.

"ಎಷ್ಟ್ ಜೊತೆ ಇತ್ತಕ್ಕ?"

"ಹನ್ನೊಂದು."

"ಒಂದ್ ವರ್ಷನೂ ಬುಟ್ಟಿಲ್ಲ ಕಣಕ್ಕ ಅವ್ವ" ಎಂದು ತಂಗಿ ಜೋರಾಗಿ ಅತ್ತಳು.