ವಿಂಚೆಸ್ಟರಿನ ದೊರೆಸಾನಿ

ಹೋದ ತಿಂಗಳ ಜೋರು ಮಳೆಗೆ ನಮ್ಮ ಬೇಸ್‌ಮೆಂಟಿಗೆ ನೀರು ನುಗ್ಗಿತು. ನೀರನ್ನು ಪಂಪು ಎಳೆದು ಹಾಕಿತು, ಮೂಲೆಯಲ್ಲಿ ಕಪ್ಪು ಕೆಸರು ಉಳಿಯಿತು. ಅದರ ವಾಸನೆ ಮೂಗಿಗೆ ಬಡಿದದ್ದೇ ಪಕ್ಕದ ಮನೆಯಲ್ಲಿದ್ದ ದೊರೆಸಾನಿ ನೆನಪಾದಳು. ಅವಳ ಹೆಸರು ನನ್ನ ಬಾಯಲ್ಲಿ ಹೊರಳುತ್ತಿರಲಿಲ್ಲ, ದೊರೆಸಾನಿ ಅಂತಲೇ ಕರೆಯುತ್ತಿದ್ದೆ. ಅರ್ಥ ಕೇಳಿ ತಿಳಿದುಕೊಂಡು, "ನಮ್ಮಪ್ಪ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ. ನಾನೆಲ್ಲಿಯ ದೊರೆಸಾನಿ" ಅಂದಿದ್ದಳು. ಆದರೂ ಕರೆದರೆ ಓಗೊಡುತ್ತಿದ್ದಳು.

ನಾನು ಮಗಳ ಜೊತೆ ಇರಲು ಅಮೆರಿಕದ ಈ ಲೊಂಬಾರ್ಡ್ ಊರಿಗೆ ಬಂದ ಮರುವರ್ಷ, ತೊಂಬತ್ತೊಂಬತ್ತನೇ ಇಸವಿ ಇರಬೇಕು... ಆಗ ಮುಳುಗಿದ್ದು ಅವಳ ಬೇಸ್‌ಮೆಂಟು. ಎಂಬತ್ತರ ಹತ್ತಿರದ ಒಂಟಿ ಹೆಂಗಸು. ಪ್ಲಂಬರ್ ಮೂರು ದಿನ ಆಗುವುದಿಲ್ಲ ಅಂದಿದ್ದ. ನಾನು ಸೀರೆ ಎತ್ತಿ ಕಟ್ಟಿ ಇಳಿದೆ. ಕರೆಂಟು ತೆಗೆದಿದ್ದರಿಂದ ಒಳಗೆ ಕತ್ತಲೆ. ತೋಳಿನವರೆಗೆ ಕೈಬಿಟ್ಟು ಮೋರಿಯ ಬಾಯಿ ತಡಕಿ ಹೂಳೆಲ್ಲ ಬಾಚಿ ತೆಗೆದೆ. ಮೆಟ್ಟಿಲ ಮೇಲೆ ನಿಂತಿದ್ದ ಅವಳು, "ನೀನು ಥೇಟ್ ನಮ್ಮೂರಿನ ಮುಳುಗುಗಾರನ ಹಾಗೆ" ಅಂದಳು.

ಅವಳ ಊರು ಇಂಗ್ಲೆಂಡಿನ ವಿಂಚೆಸ್ಟರ್. ಯುದ್ಧಕ್ಕೆ ಬಂದಿದ್ದ ಅಮೆರಿಕದ ಸಿಪಾಯಿಯನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಆಮೇಲೆ ದಿನಾ ಮಧ್ಯಾಹ್ನ ಟೀ ಕೊಟ್ಟು, ಚಿತ್ರದ ಪುಸ್ತಕ ಬಿಚ್ಚಿ ಊರಿನ ಕಥೆ ಹೇಳುತ್ತಿದ್ದಳು. ನಾನು ಓದಿದ್ದು ಮೂರನೇ ಕ್ಲಾಸು. ಅವಳ ಇಂಗ್ಲಿಷಿನಲ್ಲಿ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ಚಿತ್ರ ಇತ್ತು. ಲಂಡನ್ನು ಮೇಲೇಳುವ ಮೊದಲು ರಾಜರು ಕೂತು ಆಳಿದ ಊರಂತೆ. ಆ ರಾಜರ ಮೂಳೆಗಳು ದೊಡ್ಡ ಚರ್ಚಿನೊಳಗೆ ಮರದ ಪೆಟ್ಟಿಗೆಗಳಲ್ಲಿವೆ. ಯಾವುದೋ ಜಗಳದಲ್ಲಿ ಸೈನಿಕರು ಚೆಲ್ಲಾಡಿ, ಯಾವ ಮೂಳೆ ಯಾವ ರಾಜನದು ಎಂಬುದೇ ಗೊತ್ತಾಗದೆ ಹೋಯಿತಂತೆ. ಕಾದಂಬರಿ ಬರೆದ ಹೆಣ್ಣುಮಗಳೊಬ್ಬಳನ್ನೂ ಅಲ್ಲೇ ಮಣ್ಣು ಮಾಡಿದ್ದಾರೆ. ಗೋರಿಯ ಕಲ್ಲಿನಲ್ಲಿ ಅವಳ ಗುಣವನ್ನು ಹೊಗಳಿದ್ದಾರೆ, ಪುಸ್ತಕ ಬರೆದಳು ಅನ್ನುವ ಮಾತೇ ಇಲ್ಲ.

ಅವಳಿಗೆ ಇಷ್ಟದವನು ಮಾತ್ರ ಆ ಮುಳುಗುಗಾರ. ನೂರು ವರ್ಷದ ಹಿಂದೆ ಆ ಚರ್ಚು ಜೌಗು ನೆಲದಲ್ಲಿ ಕುಸಿಯತೊಡಗಿತ್ತಂತೆ. ಪಾಯ ಗಟ್ಟಿಮಾಡಲು ತೋಡಿದರೆ ನೀರು ತುಂಬುತ್ತಿತ್ತು. ಇವನು ಭಾರದ ಉಡುಪು ಹಾಕಿಕೊಂಡು, ಕಣ್ಣು ಕಾಣದ ಕೆಸರು ನೀರಿಗೆ ಇಳಿದು, ಕೈಯಲ್ಲಿ ತಡಕುತ್ತಲೇ ಸಿಮೆಂಟಿನ ಚೀಲ ಜೋಡಿಸಿದ. ಐದಾರು ವರ್ಷ ಅದೇ ಕೆಲಸ. ಚರ್ಚು ನಿಂತಿತು. ಎಷ್ಟೋ ಕಾಲದ ಮೇಲೆ ಅವನ ಪ್ರತಿಮೆ ಮಾಡಿಸಿದರು. ಮಾಡಿದವನು ಫೋಟೋ ನೋಡುವಾಗ ತಪ್ಪಿ, ಮುಳುಗುಗಾರನ ಉಡುಪಿಗೆ ಆ ಕೆಲಸ ಮಾಡಿಸಿದ ಇಂಜಿನಿಯರನ ಮುಖ ಕೂರಿಸಿಬಿಟ್ಟ.

ಎರಡು ಸಾವಿರದ ಇಸವಿಯಲ್ಲಿ ಲೈಬ್ರರಿಯವರು ವಯಸ್ಸಾದವರಿಂದ ಅವರವರ ಊರಿನ ಕಥೆ ಹೇಳಿಸಿದರು. ರಾಜರ ಬಗ್ಗೆ ಹೇಳಿದರೆ ಸಾಕು ಅಂದಿದ್ದರೂ ದೊರೆಸಾನಿ ಪ್ರತಿಮೆಯ ಫೋಟೋ, ಆ ಮನುಷ್ಯನ ನಿಜವಾದ ಫೋಟೋ ಎರಡನ್ನೂ ಎತ್ತಿ ತೋರಿಸಿದಳು. ಎದುರಿಗಿದ್ದ ಒಬ್ಬರು, ಏನೇ ಆದರೂ ಅದರ ಹಿಂದೆ ಓಡಿದ ತಲೆ ಇಂಜಿನಿಯರನದೇ ಅಲ್ಲವೇ ಅಂದರು. "ಹಾಗಾದರೆ ಅವನೇ ಇಳಿಯಬಹುದಿತ್ತು" ಅಂದಳು ಇವಳು.

ಮುಂದಿನ ತಿಂಗಳು ನನ್ನ ಸರದಿ. ನಾನು ಕನ್ನಡದಲ್ಲಿ ಹೇಳುವುದು, ಮಗಳು ಇಂಗ್ಲಿಷಿನಲ್ಲಿ ಹೇಳುವುದು ಅಂತ ಆಯಿತು. ನಮ್ಮ ಕನ್ನಡದ ಮನೆಗಳವರನ್ನೆಲ್ಲ ಮಗಳು ಕರೆದಿದ್ದಳು. ಏನು ಹೇಳಬೇಕೆಂದು ಅವಳೇ ಚೀಟಿಯಲ್ಲಿ ಬರೆದುಕೊಟ್ಟಳು. ಅದರಲ್ಲಿ ನಮ್ಮಪ್ಪ ಶಿರಾ ಕಡೆಯ ದೊಡ್ಡ ಕಾಂಟ್ರಾಕ್ಟರು. ನಮ್ಮಪ್ಪ ಕಾಂಟ್ರಾಕ್ಟರಲ್ಲ. ಹಾರೆ ಹಿಡಿದು ಬಾವಿ ತೋಡುತ್ತಿದ್ದವನು, ಬೇಸಿಗೆಯಲ್ಲಿ ಹೂಳೆತ್ತುತ್ತಿದ್ದವನು. ನೀರು ಬಂದ ದಿನ ಬಾವಿಗೆ ಪೂಜೆ ಮಾಡುತ್ತಿದ್ದರು. ಮಾರನೆಯ ದಿನದಿಂದ ಅಪ್ಪ ಆ ಬಾವಿಯ ಹಗ್ಗ ಮುಟ್ಟುವ ಹಾಗಿರಲಿಲ್ಲ. ನಾವು ಕೊಡ ಇಟ್ಟು ದೂರ ನಿಂತರೆ ಯಾರಾದರೂ ಮೇಲಿಂದ ಸುರಿಯುತ್ತಿದ್ದರು... ನಮ್ಮ ಜಾತಿಯ ಸಂಗತಿ ಇಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಮಗಳ ಆಸೆ. ನಾನೂ ಒಪ್ಪಿದ್ದೆ. ಸುಳ್ಳು ಹೇಳುವುದಿಲ್ಲ, ಒಪ್ಪಿದ್ದೆ.

ಹಿಂದಿನ ದಿನ ದೊರೆಸಾನಿಗೆ ಎಲ್ಲ ಹೇಳಿದೆ. ಅವಳು ಕಪ್ಪು ಕೆಳಗಿಟ್ಟಳು.

"ನಿನ್ನ ಅಪ್ಪ. ಯಾರ ಮುಖ ಬೇಕೋ ಕೂರಿಸು."

ಅಷ್ಟೇ ಅಂದದ್ದು. ನನಗೆ ಮೈಯೆಲ್ಲ ಉರಿದುಹೋಯಿತು. ಟೀ ಮುಗಿಸದೆ ಎದ್ದು ಬಂದೆ.

ಮಾರನೆಯ ದಿನ ಮೈಕಿನ ಮುಂದೆ ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿದೆ. ಬಾವಿ, ಹಾರೆ, ಹಗ್ಗ, ಒಂದೂ ಬಿಡದೆ ಹೇಳಿದೆ. ಮುಂದಿನ ಸಾಲಿನ ನಮ್ಮ ಹೆಂಗಸರು ಮಡಿಲು ನೋಡಿಕೊಂಡು ಕೂತರು. ಮಗಳು, ಅಜ್ಜ ಕಾಂಟ್ರಾಕ್ಟರ್ ಆಗಿದ್ದರು ಅಂತ ಇಂಗ್ಲಿಷಿನಲ್ಲಿ ಹೇಳಿದಳು. ಅಷ್ಟು ಇಂಗ್ಲಿಷು ನನಗೆ ಬರುತ್ತಿತ್ತು.

"ನೋ," ಅಂದೆ. "ಕಾಂಟ್ರಾಕ್ಟರ್ ನೋ. ಮೈ ಫಾದರ್ ಡಿಗ್. ಹ್ಯಾಂಡ್." ಎರಡು ಕೈಯನ್ನೂ ಎತ್ತಿ ತೋರಿಸಿದೆ.

ಹಿಂದಿನ ಸಾಲಿನಲ್ಲಿ ದೊರೆಸಾನಿ ಒಬ್ಬಳೇ ಚಪ್ಪಾಳೆ ತಟ್ಟಿದಳು. ಆಮೇಲೆ ಉಳಿದವರೂ ತಟ್ಟಿದರು, ನಮ್ಮವರನ್ನು ಬಿಟ್ಟು.

ಮಗಳು ಕಾರು ಓಡಿಸಿಕೊಂಡು ಮನೆಗೆ ಕರೆತಂದಳು. ಕಾರು ನಿಲ್ಲಿಸಿದ ಮೇಲೆ, "ಅಮ್ಮ, ಅಷ್ಟು ಜನರ ಮುಂದೆ ಬೇಕಿತ್ತಾ?" ಅಂದಳು.

"ಬೇಕಿತ್ತು ಕಣೆ. ನೀನು ಚೀಟಿ ಬರೆದುಕೊಟ್ಟಿದ್ದೂ ಆ ಜನರ ಮುಂದೆ ಹೇಳೋಕೇ ಅಲ್ವಾ?"

ಆ ವರ್ಷದ ಹಬ್ಬಕ್ಕೆ ಎರಡು ಮನೆಯವರು ನಮ್ಮನ್ನು ಕರೆಯಲಿಲ್ಲ. ಕರೆಯದಿದ್ದರೆ ಬೇಡ. ಅವರ ಮನೆಯ ಒಬ್ಬಟ್ಟು ಏನೂ ಅಂಥ ಚೆನ್ನಾಗಿರುತ್ತಿರಲಿಲ್ಲ.

ಅದೇ ಚಳಿಗಾಲದಲ್ಲಿ ದೊರೆಸಾನಿ ತೀರಿಕೊಂಡಳು. ಮುಂದಿನ ವರ್ಷ ಅವಳ ಊರಿನಲ್ಲಿ ಹಳೆಯ ಪ್ರತಿಮೆ ತೆಗೆದು ಮುಳುಗುಗಾರನ ಸ್ವಂತ ಮುಖ ಇರುವ ಹೊಸದನ್ನು ನಿಲ್ಲಿಸಿದರಂತೆ. ಕಂಪ್ಯೂಟರಿನಲ್ಲಿ ನೋಡಿ ನನಗೆ ಹೇಳಿದವಳು ಮಗಳೇ. ದೊರೆಸಾನಿ ಮಾತ್ರ ಅದನ್ನು ನೋಡಲಿಲ್ಲ...

ಅವಳ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಒಳ್ಳೆಯವರು, ಕೈಬೀಸುತ್ತಾರೆ, ಒಳಗೆ ಹೋಗುತ್ತಾರೆ. ಮಗಳು ಅಜ್ಜನ ಕೆಲಸ ಏನಿತ್ತೆಂದು ಇನ್ನೂ ಬಾಯಿಬಿಟ್ಟು ಹೇಳುವುದಿಲ್ಲ, ಕಾಂಟ್ರಾಕ್ಟರ್ ಅನ್ನುವುದನ್ನು ಬಿಟ್ಟಿದ್ದಾಳೆ, ಅಷ್ಟೆ. ಅದು ಸಾಲದು ಅಂತ ದೊರೆಸಾನಿ ಇದ್ದಿದ್ದರೆ ಮುಖದ ಮೇಲೆ ಹೇಳುತ್ತಿದ್ದಳು. ಅವಳಿಲ್ಲ. ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೇಳುತ್ತಿದ್ದೇನೆ.